ಚರ್ಮದ ಕೋಶ ತನ್ನ ಕಸುಬು ಮರೆಯುವ ಬಗೆ

ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಕೆಲವೇ ದಿನಗಳಲ್ಲಿ ಗಾಯ ಮಾಯ್ದು ಅಲ್ಲಿ ಹೊಸ ಚರ್ಮ ಬರುತ್ತದೆ. ಬರುವುದು ಚರ್ಮವೇ, ಹಲ್ಲಲ್ಲ, ಮೂಳೆಯಲ್ಲ, ಯಕೃತ್ತಿನ ತುಣುಕೂ ಅಲ್ಲ. ಇದು ಎಷ್ಟು ಸಹಜವಾಗಿ ಕಾಣುತ್ತದೆಂದರೆ, ಇದರಲ್ಲಿ ವಿವರಿಸಬೇಕಾದ ಸಂಗತಿಯೊಂದಿದೆ ಎಂದೇ ನಮಗೆ ಅನ್ನಿಸುವುದಿಲ್ಲ. ಆದರೆ ಬೆರಳಿನ ಆ ಕೋಶದೊಳಗೆ ಹಲ್ಲು ಕಟ್ಟುವ ವಿಧಾನವೂ ಪಿತ್ತರಸ ತಯಾರಿಸುವ ವಿಧಾನವೂ ಹೃದಯದ ಸ್ನಾಯು ಮಿಡಿಯುವ ವಿಧಾನವೂ ಒಂದಕ್ಷರ ಬಿಡದೆ ಬರೆದಿಟ್ಟಿವೆ. ಎಲ್ಲವೂ ಗೊತ್ತಿದ್ದೂ ಒಂದೇ ಕಸುಬನ್ನು ಹಿಡಿದು ಕೂರುವ ಈ ನಿಷ್ಠೆ ಎಲ್ಲಿಂದ ಬರುತ್ತದೆ, ಅದನ್ನು ಬಿಡಿಸಲು ಸಾಧ್ಯವೇ ಎಂಬ ಪ್ರಶ್ನೆ ಜೀವವಿಜ್ಞಾನವನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಕಾಡಿತು. 2006ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಒಂದು ಸಣ್ಣ ಪ್ರಯೋಗಾಲಯದಿಂದ ಬಂದ ಉತ್ತರ, ಬಹುಮಂದಿ ನಿರೀಕ್ಷಿಸಿದ್ದಕ್ಕಿಂತ ಬಹಳ ಸರಳವಾಗಿತ್ತು.

ಮನುಷ್ಯನ ದೇಹದಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಕೋಶಗಳಿವೆ. ಅವೆಲ್ಲವೂ ಫಲಿತಗೊಂಡ ಒಂದೇ ಅಂಡಾಣುವಿನಿಂದ ಹುಟ್ಟಿದವು. ಆದ್ದರಿಂದ, ಪಕ್ವವಾಗುವಾಗ ಕೋಶಕೇಂದ್ರವನ್ನೇ ಕಳೆದುಕೊಳ್ಳುವ ಕೆಂಪು ರಕ್ತಕಣದಂಥ ಕೆಲವನ್ನು ಬಿಟ್ಟರೆ, ಎಲ್ಲದರಲ್ಲೂ ಒಂದೇ ಡಿಎನ್‌ಎ, ಅದರಲ್ಲಿ ಪ್ರೋಟೀನ್‌ಗಳನ್ನು ಕಟ್ಟುವ ಸುಮಾರು 20,000 ವಂಶವಾಹಿಗಳು. ನರಕೋಶಕ್ಕೂ ಚರ್ಮದ ಕೋಶಕ್ಕೂ ಇರುವ ವ್ಯತ್ಯಾಸ ಅವುಗಳ ಬಳಿ ಯಾವ ವಂಶವಾಹಿಗಳಿವೆ ಎಂಬುದರಲ್ಲಿಲ್ಲ, ಯಾವುವು ಕೆಲಸ ಮಾಡುತ್ತಿವೆ ಮತ್ತು ಯಾವುವು ಸುಮ್ಮನಿವೆ ಎಂಬುದರಲ್ಲಿದೆ. ಇಂದು ಶಾಲೆಯ ಪಠ್ಯದಲ್ಲಿ ಬರುವ ಈ ಮಾತು ಬಹಳ ಕಾಲ ಕೇವಲ ಒಂದು ಊಹೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ಇದಕ್ಕೆ ವಿರುದ್ಧವಾದದ್ದನ್ನು ಪ್ರತಿಪಾದಿಸಿದ್ದರು: ಭ್ರೂಣ ಬೆಳೆಯುತ್ತ ಹೋದಂತೆ ಆನುವಂಶಿಕ ಸಾಮಗ್ರಿ ಕೋಶಗಳ ನಡುವೆ ಹಂಚಿಹೋಗುತ್ತದೆ, ಚರ್ಮಕ್ಕೆ ಚರ್ಮದ ಪಾಲು, ನರಕ್ಕೆ ನರದ ಪಾಲು ಮಾತ್ರ ಉಳಿಯುತ್ತದೆ ಎಂದು. ಇದು ನಿಜವಾಗಿದ್ದರೆ ಕೋಶದ ಪಯಣ ಹಾಲು ಮೊಸರಾದಂತೆ. ಹಿಂದಿರುಗುವ ದಾರಿಯೇ ಇಲ್ಲ.

ಹಾಗಾಗಿ ಮೊದಲು ತೀರ್ಮಾನವಾಗಬೇಕಿದ್ದ ವಿಷಯ ಇದು: ಬಳಕೆಯಾಗದ ಪುಟಗಳು ಹರಿದುಹೋಗಿವೆಯೋ, ಅಥವಾ ಮಡಿಸಿಟ್ಟಿವೆಯೋ? ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜಾನ್ ಗರ್ಡನ್ ಎಂಬ ತರುಣ ಇದನ್ನು ಆಫ್ರಿಕಾದ ಜೀನೋಪಸ್ ಜಾತಿಯ ಕಪ್ಪೆಯ ಮೇಲೆ ಪರೀಕ್ಷಿಸಿದರು. ಕಪ್ಪೆಯ ಮೊಟ್ಟೆಯಲ್ಲಿದ್ದ ಕೋಶಕೇಂದ್ರವನ್ನು ಅತಿನೇರಳೆ ಕಿರಣಗಳಿಂದ ನಾಶಪಡಿಸಿ, ಗೊದಮೊಟ್ಟೆಯೊಂದರ ಕರುಳಿನ ಕೋಶದಿಂದ ತೆಗೆದ ಕೋಶಕೇಂದ್ರವನ್ನು ಅದರ ಜಾಗಕ್ಕೆ ಸೇರಿಸಿದರು. ಆಗಲೇ ಆಹಾರ ಜೀರ್ಣಿಸುವ ಕೆಲಸಕ್ಕೆ ಇಳಿದಿದ್ದ ಕರುಳಿನ ಕೋಶವದು. ಬಹುಪಾಲು ಮೊಟ್ಟೆಗಳು ಕೆಟ್ಟವು, ಆದರೆ ನೂರಕ್ಕೆ ಒಂದೆರಡು ಮಾತ್ರ ಈಜಾಡುವ ಗೊದಮೊಟ್ಟೆಗಳಾದವು. 1962ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಅನುಮಾನಿಸಿದವರು ಬಹಳ ಜನ. ಏಕೆಂದರೆ ಅಮೆರಿಕದ ರಾಬರ್ಟ್ ಬ್ರಿಗ್ಸ್ ಮತ್ತು ಥಾಮಸ್ ಕಿಂಗ್ ಬೇರೊಂದು ಜಾತಿಯ ಕಪ್ಪೆಯಲ್ಲಿ ಇಂಥದೇ ಪ್ರಯೋಗ ಮಾಡಿ, ಭ್ರೂಣ ಬಲಿತಂತೆ ಕೋಶಕೇಂದ್ರದ ಈ ಸಾಮರ್ಥ್ಯ ಕುಗ್ಗುತ್ತದೆಂದು ಕಂಡಿದ್ದರು. ಗರ್ಡನ್ ಪಟ್ಟು ಬಿಡಲಿಲ್ಲ. ಅವರ ಕಪ್ಪೆಗಳು ಮುಂದೆ ಬೆಳೆದು ಸಂತಾನವನ್ನೂ ಪಡೆದವು.

1996ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿದ ಡಾಲಿ ಎಂಬ ಕುರಿಮರಿ ಸಸ್ತನಿಗಳಲ್ಲೂ ಇದು ಸಾಧ್ಯವೆಂದು ತೋರಿಸಿತು. ಆರು ವರ್ಷದ ಕುರಿಯ ಕೆಚ್ಚಲಿನ ಕೋಶವೊಂದರ ಕೇಂದ್ರವನ್ನು ಅಂಡಾಣುವಿಗೆ ಸೇರಿಸಿ ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ಮತ್ತು ಅವರ ಸಂಗಡಿಗರು ಮಾಡಿದ 277 ಯತ್ನಗಳಲ್ಲಿ ಜೀವಂತವಾಗಿ ಹುಟ್ಟಿ ಬೆಳೆದದ್ದು ಡಾಲಿ ಒಂದೇ. ಆಗಲೂ ಒಂದು ಆಕ್ಷೇಪ ಉಳಿದೇ ಇತ್ತು: ಕೆಚ್ಚಲಿನಲ್ಲಿ ಅಪರೂಪಕ್ಕೆ ಇರಬಹುದಾದ ಎಳೆಯ ಕೋಶವೊಂದು ಅಕಸ್ಮಾತ್ತಾಗಿ ಕೈಗೆ ಸಿಕ್ಕಿರಬಾರದೇಕೆ? ಇದಕ್ಕೆ 2002ರಲ್ಲಿ ಕಾನ್ರಾಡ್ ಹೊಕೆಡ್ಲಿಂಗರ್ ಮತ್ತು ರುಡಾಲ್ಫ್ ಯೆನಿಷ್ ಕೊಟ್ಟ ಉತ್ತರವನ್ನು ನಾನು ಈ ಇಡೀ ಚರಿತ್ರೆಯ ಅತ್ಯಂತ ಸೊಗಸಾದ ಪ್ರಯೋಗಗಳಲ್ಲಿ ಒಂದೆಂದು ಭಾವಿಸುತ್ತೇನೆ. ರೋಗಗಳೊಡನೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು ಪ್ರತಿಕಾಯಗಳನ್ನು ತಯಾರಿಸಲು ತಮ್ಮ ಡಿಎನ್‌ಎಯ ಒಂದು ಭಾಗವನ್ನು ಕತ್ತರಿಸಿ ಹೊಸದಾಗಿ ಜೋಡಿಸಿಕೊಳ್ಳುತ್ತವೆ. ಬಲಿತ ಕೋಶ ಮಾತ್ರ ಹೊರುವ, ಎಂದೂ ಅಳಿಸಲಾಗದ ಹಚ್ಚೆಯದು. ಅಂಥ ಕೋಶದಿಂದ ಅವರು ಇಲಿಯನ್ನು ಪಡೆದಾಗ ಅದರ ಮೈಯ ಕೋಶಗಳಲ್ಲೆಲ್ಲ, ಚರ್ಮದಲ್ಲೂ ಯಕೃತ್ತಿನಲ್ಲೂ, ಆ ಹಚ್ಚೆಯೇ ಇತ್ತು. ಸಂಶಯಕ್ಕೆ ಅಲ್ಲಿಗೆ ತೆರೆ ಬಿತ್ತು. ಪುಟಗಳು ಹರಿದಿರಲಿಲ್ಲ.

ಹಾಗಾದರೆ ಮಡಿಸಿಡುವುದೆಂದರೆ ಏನು? ಒಂದು ಕೋಶದ ಡಿಎನ್‌ಎಯನ್ನು ಬಿಡಿಸಿ ನೇರವಾಗಿ ಎಳೆದರೆ ಸುಮಾರು ಎರಡು ಮೀಟರ್ ಉದ್ದವಿರುತ್ತದೆ. ಅದು ಸೇರಿಕೊಂಡಿರುವ ಕೋಶಕೇಂದ್ರದ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ಇಲ್ಲದಿರಬಹುದು. ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಉಂಡೆಗಳಿಗೆ ಈ ನೂಲು ಸುತ್ತಿಕೊಂಡು, ಆ ಸುತ್ತುಗಳು ಮತ್ತೆ ಮಡಿಕೆಯಾಗಿ, ಇಷ್ಟು ಕಿರಿದಾದ ಜಾಗದಲ್ಲಿ ಅಡಕವಾಗುತ್ತವೆ. ದಿನವೂ ಉಡುವ ಸೀರೆಗಳನ್ನು ಕೈಗೆ ಸಿಗುವಂತೆ ಇಟ್ಟುಕೊಂಡು, ಧಾರೆ ಸೀರೆಯನ್ನು ಗಟ್ಟಿಯಾಗಿ ಮಡಿಸಿ ಟ್ರಂಕಿನ ತಳಕ್ಕೆ ಸೇರಿಸುವಂತೆ, ಕೋಶವೂ ತನಗೆ ಬೇಕಾದ ವಂಶವಾಹಿಗಳನ್ನು ಸಡಿಲವಾಗಿಯೂ ಬೇಡದವನ್ನು ಬಿಗಿಯಾಗಿಯೂ ಇಟ್ಟುಕೊಳ್ಳುತ್ತದೆ. ಬಿಗಿಯಾದ ಮಡಿಕೆಯೊಳಗಿನ ವಂಶವಾಹಿಯನ್ನು ಓದಲು ಕೋಶದ ಯಂತ್ರಗಳಿಗೆ ಆಗುವುದಿಲ್ಲ. ಇದರ ಜೊತೆಗೆ ಡಿಎನ್‌ಎಯ ಮೇಲೆಯೇ ಅಲ್ಲಲ್ಲಿ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು, ಅಂದರೆ ಒಂದು ಇಂಗಾಲ ಮತ್ತು ಮೂರು ಜಲಜನಕದ ಪರಮಾಣುಗಳ ಕೂಟ, ಅಂಟಿಕೊಂಡು ಆ ಭಾಗವನ್ನು ಮೌನವಾಗಿಸುತ್ತದೆ. ಬರಹ ಬದಲಾಗದೆ ಅದರ ಓದು ಮಾತ್ರ ಬದಲಾಗುವ ಈ ಗುರುತುಗಳ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು.

ಈ ಗುರುತುಗಳು ಕಲ್ಲಿನಲ್ಲಿ ಕೊರೆದವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೋಶ ಒಡೆದು ಎರಡಾಗುವಾಗಲೆಲ್ಲ ಹೊಸ ಡಿಎನ್‌ಎ ಎಳೆಯ ಮೇಲೆ ಹಳೆಯ ಗುರುತುಗಳನ್ನು ನಕಲು ಮಾಡುವುದಕ್ಕೆಂದೇ ಕಿಣ್ವವೊಂದು ಹಿಂದೆಯೇ ಓಡಾಡುತ್ತದೆ. ಚರ್ಮದ ಕೋಶದ ಮುಖ್ಯ ನಿಯಂತ್ರಕ ಪ್ರೋಟೀನ್‌ಗಳು ತಮ್ಮನ್ನು ತಯಾರಿಸುವ ವಂಶವಾಹಿಗಳನ್ನೇ ಎಚ್ಚರವಾಗಿಟ್ಟು, ಒಂದನ್ನೊಂದು ಪೋಷಿಸುತ್ತ, ತಮ್ಮ ಆಳ್ವಿಕೆಯನ್ನು ತಾವೇ ಮುಂದುವರಿಸುತ್ತವೆ. ಅಂದರೆ ಚರ್ಮದ ಕೋಶ ಚರ್ಮದ ಕೋಶವಾಗಿರುವುದು ಒಮ್ಮೆ ಪಡೆದು ಮುಗಿದ ಗುಣವಲ್ಲ. ಅದು ದಿನವೂ, ಪ್ರತಿ ವಿಭಜನೆಯಲ್ಲೂ, ಮತ್ತೆ ಮತ್ತೆ ಕಾಪಾಡಿಕೊಳ್ಳಬೇಕಾದ ಸ್ಥಿತಿ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಮರುರೂಪಣೆಯ, ಅಂದರೆ ಕೋಶದ ಕಸುಬು ಬಿಡಿಸಿ ಅದನ್ನು ಬೇರೊಂದಾಗಿಸುವ, ಸಂಗತಿ ಪವಾಡದಂತೆ ಕಾಣುವುದಿಲ್ಲ. ಸದಾ ಕಾಪಾಡಬೇಕಾದದ್ದನ್ನು ಕದಡಲೂ ಬಹುದು.

ಹಾಗೆ ಕದಡಬಹುದೆಂಬ ಮೊದಲ ಸುಳಿವು 1987ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ತಂಡಕ್ಕೆ ಸಿಕ್ಕಿತ್ತು. ಚರ್ಮದಡಿಯಲ್ಲಿದ್ದು ಅಂಗಾಂಶಗಳಿಗೆ ಆಧಾರ ಹೆಣೆಯುವ ಫೈಬ್ರೊಬ್ಲಾಸ್ಟ್ ಬಗೆಯ ಇಲಿಯ ಕೋಶಗಳಿಗೆ ಮಯೋಡಿ ಎಂಬ ಒಂದೇ ಒಂದು ನಿಯಂತ್ರಕ ಪ್ರೋಟೀನಿನ ವಂಶವಾಹಿಯನ್ನು ಸೇರಿಸಿದರೆ ಸಾಕು, ಅವು ಸ್ನಾಯುಕೋಶಗಳಾಗುತ್ತಿದ್ದವು. ಒಂದು ಪ್ರೋಟೀನು ಕಸುಬು ಬದಲಿಸಬಲ್ಲದಾದರೆ, ಅಂಡಾಣುವಿನೊಳಗೆ ಕೋಶಕೇಂದ್ರವನ್ನು ಹಿಂದಕ್ಕೆ ಒಯ್ಯುತ್ತಿರುವುದೂ ಕೆಲವು ಪ್ರೋಟೀನ್‌ಗಳೇ ಇರಬೇಕಲ್ಲವೇ? ಅಂಡಾಣುವೇ ಇಲ್ಲದೆ, ಆ ಪ್ರೋಟೀನ್‌ಗಳನ್ನಷ್ಟೇ ಕೊಟ್ಟರೆ ಏನಾಗುತ್ತದೆ?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ಶಿನ್ಯಾ ಯಮನಾಕಾ ಮೊದಲು ಮೂಳೆ ಶಸ್ತ್ರಚಿಕಿತ್ಸೆಯ ವೈದ್ಯರಾಗಿದ್ದವರು. ಅವರು ಹುಟ್ಟಿದ್ದು 1962ರಲ್ಲಿ, ಗರ್ಡನ್ ಅವರ ಕಪ್ಪೆಗಳ ಪ್ರಬಂಧ ಹೊರಬಂದ ವರ್ಷದಲ್ಲೇ. ಐವತ್ತು ವರ್ಷಗಳ ನಂತರ, 2012ರಲ್ಲಿ, ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ ಒಟ್ಟಿಗೆ ಪಡೆದರು. ಯಮನಾಕಾ ಈ ಕೆಲಸಕ್ಕೆ ಇಳಿದಾಗಿನ ಸ್ಥಿತಿ ಹೀಗಿತ್ತು: 1981ರಲ್ಲಿ ಇಲಿಯ, 1998ರಲ್ಲಿ ಮನುಷ್ಯನ ಎಳೆಯ ಭ್ರೂಣದಿಂದ ಕಾಂಡಕೋಶಗಳನ್ನು ಬೇರ್ಪಡಿಸಿ ಬೆಳೆಸುವುದನ್ನು ವಿಜ್ಞಾನಿಗಳು ಕಲಿತಿದ್ದರು. ಈ ಭ್ರೂಣಕೋಶಗಳು ದೇಹದ ಯಾವ ಬಗೆಯ ಕೋಶವಾಗಿ ಬೇಕಾದರೂ ಬೆಳೆಯಬಲ್ಲವು, ಹಾಗೆಯೇ ಮಿತಿಯಿಲ್ಲದೆ ಸಂಖ್ಯೆಯಲ್ಲೂ ಹೆಚ್ಚಬಲ್ಲವು. ಆದರೆ ಅವನ್ನು ಪಡೆಯಲು ಮನುಷ್ಯ ಭ್ರೂಣವನ್ನು ನಾಶಮಾಡಬೇಕಿತ್ತು, ಮತ್ತು ಪಡೆದ ಕೋಶಗಳು ರೋಗಿಗೆ ಪರಕೀಯವಾಗಿದ್ದವು. ರೋಗಿಯ ಮೈಯಿಂದಲೇ ಅಂಥ ಕೋಶಗಳನ್ನು ಪಡೆಯುವಂತಿದ್ದರೆ ಎರಡು ತೊಡಕುಗಳೂ ಒಟ್ಟಿಗೆ ಕಳೆಯುತ್ತಿದ್ದವು.

ಭ್ರೂಣದ ಕಾಂಡಕೋಶಗಳಲ್ಲಿ ವಿಶೇಷವಾಗಿ ಚುರುಕಾಗಿರುವ 24 ವಂಶವಾಹಿಗಳ ಪಟ್ಟಿಯನ್ನು ಯಮನಾಕಾ ಮಾಡಿಕೊಂಡರು. ಬೇಕಾದವು ಇವುಗಳಲ್ಲೇ ಇವೆಯೆಂಬ ಭರವಸೆಯೇನೂ ಇರಲಿಲ್ಲ. ಇದ್ದರೂ ಯಾವ ಕೂಟ ಫಲಿಸುತ್ತದೆಂದು ತಿಳಿಯುವುದು ಹೇಗೆ? 24 ವಂಶವಾಹಿಗಳಿಂದ ಮಾಡಬಹುದಾದ ಕೂಟಗಳ ಸಂಖ್ಯೆ ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು. ನಾಲ್ಕು ನಾಲ್ಕನ್ನು ಮಾತ್ರ ಆರಿಸುತ್ತೇವೆಂದರೂ 10,626. ಈ ಕೆಲಸವನ್ನು ವಹಿಸಿಕೊಂಡ ಕಝುತೋಶಿ ತಕಹಾಶಿ ಅನುಸರಿಸಿದ ಕ್ರಮದಲ್ಲಿ ಆ ಬೆಟ್ಟವೇ ಕರಗಿತು.

ಆ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಫೈಬ್ರೊಬ್ಲಾಸ್ಟ್‌ಗಳಲ್ಲಿ ಎಂದೂ ಎಚ್ಚರಗೊಳ್ಳದ, ಭ್ರೂಣದ ಕಾಂಡಕೋಶಗಳಲ್ಲಿ ಮಾತ್ರ ಕೆಲಸ ಮಾಡುವ ಒಂದು ವಂಶವಾಹಿಯ ಜಾಗದಲ್ಲಿ, ವಿಷವೊಂದನ್ನು ತಡೆದುಕೊಳ್ಳುವ ವಂಶವಾಹಿಯನ್ನು ಕೂರಿಸಿದ ಇಲಿಗಳನ್ನು ಅವರ ಪ್ರಯೋಗಾಲಯ ಮೊದಲೇ ರೂಪಿಸಿತ್ತು. ಆ ಇಲಿಗಳಿಂದ ತೆಗೆದ ಫೈಬ್ರೊಬ್ಲಾಸ್ಟ್‌ಗಳಿಗೆ ವಿಷ ಹಾಕಿದರೆ ಅವೆಲ್ಲ ಸಾಯುತ್ತವೆ. ಯಾವುದಾದರೂ ಕೋಶ ಕಾಂಡಕೋಶದ ಸ್ಥಿತಿಗೆ ಜಾರಿದರೆ ಮಾತ್ರ ಬದುಕುತ್ತದೆ. ಬದುಕಿದ್ದೇ ಯಶಸ್ಸಿನ ಗುರುತು. ತಾವು ಹೊತ್ತು ತಂದ ವಂಶವಾಹಿಯನ್ನು ಕೋಶದ ಡಿಎನ್‌ಎಯೊಳಗೇ ಸೇರಿಸಿಬಿಡುವ ರೆಟ್ರೊವೈರಸ್‌ಗಳ ಮೂಲಕ 24 ವಂಶವಾಹಿಗಳನ್ನು ಒಂದೊಂದಾಗಿ ಸೇರಿಸಿದಾಗ ತಟ್ಟೆಗಳಲ್ಲಿ ಏನೂ ಉಳಿಯಲಿಲ್ಲ. ಅಷ್ಟನ್ನೂ ಒಟ್ಟಿಗೆ ಸುರಿದಾಗ ಕೆಲವು ಗುಂಪುಗಳು ಉಳಿದವು. ಮುಂದಿನ ಹೆಜ್ಜೆಯಲ್ಲಿ ಕೂಡಿಸುವ ಬದಲು ಕಳೆಯುವುದು: 24ರಲ್ಲಿ ಪ್ರತಿ ಬಾರಿ ಒಂದನ್ನು ಮಾತ್ರ ಬಿಟ್ಟು ಉಳಿದ 23ನ್ನು ಹಾಕುವುದು. ಯಾವುದನ್ನು ಬಿಟ್ಟಾಗ ಗುಂಪುಗಳು ಮೂಡುವುದಿಲ್ಲವೋ ಅದು ಬೇಕೇ ಬೇಕು. ಹೀಗೆ ಹತ್ತು ಉಳಿದವು. ಆ ಹತ್ತರ ಮೇಲೆ ಮತ್ತೆ ಅದೇ ಉಪಾಯ ಪ್ರಯೋಗಿಸಿದಾಗ ನಾಲ್ಕು ಉಳಿದವು: ಆಕ್ಟ್-4, ಸಾಕ್ಸ್-2, ಕೆಎಲ್‌ಎಫ್-4 ಮತ್ತು ಸಿ-ಮಿಕ್. ಕಾಂಡಕೋಶಗಳಿಗೆ ಅತಿ ಮುಖ್ಯವೆಂದು ಎಲ್ಲರೂ ನಂಬಿದ್ದ ನ್ಯಾನೋಗ್ ಎಂಬುದು ಈ ಪಟ್ಟಿಯಲ್ಲಿ ಇರಲಿಲ್ಲ. ಕೋಟಿಗಟ್ಟಲೆ ಕೂಟಗಳ ಪ್ರಶ್ನೆ ಬೆರಳೆಣಿಕೆಯ ಸುತ್ತುಗಳಲ್ಲಿ ಬಗೆಹರಿಯಿತು.

2006ರ ಆಗಸ್ಟ್‌ನಲ್ಲಿ ಇಲಿಯ ಫಲಿತಾಂಶ ಪ್ರಕಟವಾಯಿತು. 2007ರ ನವೆಂಬರ್‌ನಲ್ಲಿ ಅದೇ ನಾಲ್ಕು ಪ್ರೋಟೀನ್‌ಗಳಿಂದ ಮನುಷ್ಯನ ಚರ್ಮದ ಕೋಶಗಳನ್ನೂ ಯಮನಾಕಾ ತಂಡ ಹಿಂದಿರುಗಿಸಿತು. ಅದೇ ಸಮಯಕ್ಕೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ತಂಡ ಆಕ್ಟ್-4, ಸಾಕ್ಸ್-2ರ ಜೊತೆಗೆ ನ್ಯಾನೋಗ್ ಮತ್ತು ಲಿನ್-28 ಎಂಬ ಬೇರೆ ಎರಡನ್ನು ಬಳಸಿ ಅದನ್ನೇ ಸಾಧಿಸಿತು. ಬೇರೆ ಬೇರೆ ಬೀಗದಕೈಗಳಿಂದ ಒಂದೇ ಬಾಗಿಲು ತೆರೆಯುವುದಾದರೆ ಆ ಬಾಗಿಲು ನಿಜವಾಗಿಯೂ ಅಲ್ಲಿದೆ ಎಂದಾಯಿತು. ಹೀಗೆ ಪ್ರೇರೇಪಿಸಿ ಪಡೆದ ಬಹುಸಾಮರ್ಥ್ಯದ ಕಾಂಡಕೋಶಗಳನ್ನು ಐಪಿಎಸ್ ಕೋಶಗಳೆಂದು ಕರೆಯುತ್ತಾರೆ. ಬೇರೆಯವರೂ ಮಾಡಿ ನೋಡಿ ಒಪ್ಪಿದ್ದು ಎಷ್ಟು ಮುಖ್ಯವೆಂಬುದು 2014ರಲ್ಲಿ ಮತ್ತೆ ಅರಿವಾಯಿತು. ಆ ಜನವರಿಯಲ್ಲಿ ಜಪಾನಿನ ರಿಕೆನ್ ಸಂಸ್ಥೆಯಿಂದ, ಕೋಶಗಳನ್ನು ಸ್ವಲ್ಪ ಹೊತ್ತು ಆಮ್ಲದಲ್ಲಿ ಇಟ್ಟರೆ ಸಾಕು ಅವು ಎಳೆಯ ಸ್ಥಿತಿಗೆ ಮರಳುತ್ತವೆಂಬ ಪ್ರಬಂಧಗಳು ಬಂದವು. ಜಗತ್ತಿನ ಬೇರೆಲ್ಲೂ ಅದನ್ನು ಮರುಸಾಧಿಸಲಾಗದೆ, ಅಕ್ರಮಗಳೂ ಬಯಲಾಗಿ, ಜುಲೈನಲ್ಲಿ ಅವನ್ನು ಹಿಂತೆಗೆದುಕೊಳ್ಳಬೇಕಾಯಿತು. ಯಮನಾಕಾ ಅವರ ವಿಧಾನವನ್ನಾದರೋ ಪ್ರಕಟವಾದ ವರ್ಷದೊಳಗೇ ಅಮೆರಿಕದ ಪ್ರಯೋಗಾಲಯಗಳು ಮಾಡಿ ತೋರಿಸಿದ್ದವು.

ಈಗ ಸೂಕ್ಷ್ಮದರ್ಶಕದ ಕೆಳಗಿನ ತಟ್ಟೆಗೆ ಬರೋಣ. ಮೊದಲ ದಿನ ಕಾಣುವುದು ಉದ್ದುದ್ದನೆಯ, ಎರಡೂ ತುದಿ ಚೂಪಾದ, ಕದಿರಿನ ಆಕಾರದ ಫೈಬ್ರೊಬ್ಲಾಸ್ಟ್‌ಗಳು. ಅವು ತಟ್ಟೆಯ ತಳಕ್ಕೆ ಅಂಟಿಕೊಂಡು ಒಂದರಿಂದೊಂದು ದೂರ ಸರಿಯುತ್ತಿರುತ್ತವೆ. ನಾಲ್ಕು ಪ್ರೋಟೀನ್‌ಗಳು ಒಳಗೆ ತಯಾರಾಗತೊಡಗಿದ ಮೇಲೆ ಕೆಲವೇ ದಿನಗಳಲ್ಲಿ ಅಲ್ಲಲ್ಲಿ ಕೋಶಗಳು ಚಿಕ್ಕದಾಗಿ, ದುಂಡಗಾಗಿ, ಅಕ್ಕಪಕ್ಕದವನ್ನು ಬಿಗಿಯಾಗಿ ಹಿಡಿದುಕೊಂಡು ಬೇಗ ಬೇಗ ಒಡೆಯತೊಡಗುತ್ತವೆ. ಪೋಷಕ ದ್ರವವನ್ನು ಸಂಶೋಧಕರು ಹೆಚ್ಚುಕಡಿಮೆ ದಿನವೂ ಬದಲಿಸುತ್ತಾರೆ. ಮನುಷ್ಯನ ಕೋಶಗಳಾದರೆ ಮೂರು ನಾಲ್ಕು ವಾರಗಳ ಹೊತ್ತಿಗೆ, ಕಾವಲಿಯ ಮೇಲೆ ಹುಯ್ದ ದೋಸೆಹಿಟ್ಟಿನಂತೆ ಚಪ್ಪಟೆಯಾದ, ಅಂಚು ಸ್ಪಷ್ಟವಾಗಿರುವ ಗುಂಪುಗಳು ಮೂಡಿರುತ್ತವೆ. ಒಳಗಿನ ಪ್ರತಿ ಕೋಶದಲ್ಲೂ ಹೆಚ್ಚು ಜಾಗವನ್ನು ಕೋಶಕೇಂದ್ರವೇ ತುಂಬಿರುತ್ತದೆ. ಅಂಥ ಒಂದು ಗುಂಪನ್ನು ಗುರುತಿಸಿ, ಪಿಪೆಟ್ಟಿನ ತುದಿಯಿಂದ ಕೈಯಾರೆ ಎತ್ತಿ ಹೊಸ ತಟ್ಟೆಗೆ ಹಾಕುತ್ತಾರೆ. ಸುತ್ತಲಿನ ಉಳಿದ ಕೋಶಗಳು ಅಲ್ಲೇ, ಬದಲಾಗದೆ, ಅಥವಾ ಅರ್ಧ ಬದಲಾಗಿ ನಿಂತಿರುತ್ತವೆ. ಮೊದಲ ಪ್ರಯೋಗಗಳಲ್ಲಿ ದಾರಿ ಪೂರ್ತಿಯಾಗಿ ಕ್ರಮಿಸಿದ್ದು ಸಾವಿರಕ್ಕೆ ಒಂದು ಕೋಶವೂ ಅಲ್ಲ.

ಒಳಗೆ ನಡೆದದ್ದೇನು? ಸಾಮಾನ್ಯ ನಿಯಂತ್ರಕ ಪ್ರೋಟೀನ್‌ಗಳು ಡಿಎನ್‌ಎಯ ತೆರೆದ ಭಾಗಗಳಿಗೆ ಮಾತ್ರ ಅಂಟಿಕೊಳ್ಳಬಲ್ಲವು. ಆಕ್ಟ್-4, ಸಾಕ್ಸ್-2 ಮತ್ತು ಕೆಎಲ್‌ಎಫ್-4ಗಳ ವಿಶೇಷವೆಂದರೆ ಹಿಸ್ಟೋನ್‌ಗೆ ಸುತ್ತಿಕೊಂಡಿರುವ, ಮುಚ್ಚಿದ ಡಿಎನ್‌ಎಯಲ್ಲೂ ತಮಗೆ ಬೇಕಾದ ಅಕ್ಷರಗಳನ್ನು ಹುಡುಕಿ ಹಿಡಿಯಬಲ್ಲವು. ಟ್ರಂಕಿನ ಮುಚ್ಚಳ ತೆರೆಯುವ ಕೆಲಸ ಇವುಗಳದು. ಸಿ-ಮಿಕ್ ಅವುಗಳಿಗೆ ಒತ್ತಾಸೆಯಾಗಿ ನಿಂತು ಕೋಶವಿಭಜನೆಯನ್ನು ಚುರುಕುಗೊಳಿಸುತ್ತದೆ. ಮೊದಲ ಹಂತದಲ್ಲಿ ಫೈಬ್ರೊಬ್ಲಾಸ್ಟಿನ ಕಸುಬಿಗೆ ಸೇರಿದ ವಂಶವಾಹಿಗಳು ಒಂದೊಂದಾಗಿ ಮೌನವಾಗುತ್ತವೆ, ಅಂದರೆ ಕಲಿಯುವುದಕ್ಕೆ ಮುಂಚೆ ಮರೆಯುವುದು ಆರಂಭವಾಗುತ್ತದೆ. ಅತಿ ಬಿಗಿಯಾಗಿ ಮಡಿಸಿದ ಭಾಗಗಳು ಬಹಳ ಕಾಲ ತಡೆಯೊಡ್ಡುತ್ತವೆ. ಎಷ್ಟೋ ಕೋಶಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ದಾಟಿದ ಕೋಶಗಳಲ್ಲಿ ಕೊನೆಗೆ, ಹೊರಗಿನಿಂದ ಕೊಟ್ಟ ಆಕ್ಟ್-4 ಅಲ್ಲ, ಕೋಶದ್ದೇ ಆದ, ಹುಟ್ಟಿಗೆ ಮುಂಚಿನಿಂದ ಮುಚ್ಚಿಕೊಂಡಿದ್ದ ಆಕ್ಟ್-4 ವಂಶವಾಹಿ ಕಣ್ಣು ಬಿಡುತ್ತದೆ. ಅದರೊಂದಿಗೆ ಸಾಕ್ಸ್-2 ಮತ್ತು ನ್ಯಾನೋಗ್ ಎಚ್ಚರಗೊಂಡು, ಮೂರೂ ಒಂದನ್ನೊಂದು ಪೋಷಿಸುವ ಹೊಸ ಚಕ್ರ ತಿರುಗತೊಡಗುತ್ತದೆ. ಅಲ್ಲಿಂದ ಮುಂದೆ ಹೊರಗಿನ ಪ್ರೋಟೀನ್‌ಗಳು ಬೇಕಿಲ್ಲ. ಫೈಬ್ರೊಬ್ಲಾಸ್ಟ್ ಯಾವ ಬಗೆಯಲ್ಲಿ ತನ್ನ ಕಸುಬನ್ನು ಕಾಪಾಡಿಕೊಂಡಿತ್ತೋ ಅದೇ ಬಗೆಯಲ್ಲಿ ಈ ಕೋಶ ಈಗ ಕಾಂಡಕೋಶವಾಗಿರುವುದನ್ನು ಕಾಪಾಡಿಕೊಳ್ಳುತ್ತದೆ.

ಹೊಸ ಕೋಶಕ್ಕೆ ನಿಜವಾಗಿಯೂ ಎಲ್ಲವೂ ಆಗುವ ಸಾಮರ್ಥ್ಯವಿದೆಯೇ ಎಂದು ತಿಳಿಯುವ ಹಳೆಯ ಪರೀಕ್ಷೆ ಸ್ವಲ್ಪ ಕಠೋರವಾದದ್ದು. ಅದನ್ನು ಇಲಿಯ ಚರ್ಮದಡಿಗೆ ಸೇರಿಸಿದರೆ ಟೆರಟೋಮ ಎಂಬ ಗಂತಿ ಬೆಳೆಯುತ್ತದೆ. ಅದನ್ನು ಕೊಯ್ದು ನೋಡಿದರೆ ಒಂದೆಡೆ ಕರುಳಿನ ಒಳಪದರ, ಇನ್ನೊಂದೆಡೆ ಮೃದ್ವಸ್ಥಿ, ಮತ್ತೊಂದೆಡೆ ನರದ ಅಂಗಾಂಶ ಕಾಣುತ್ತವೆ. ಎಲ್ಲವೂ ಆಗಬಲ್ಲದ್ದರ ಸಾಕ್ಷ್ಯವೂ ಅದೇ, ಅಪಾಯದ ಸಾಕ್ಷ್ಯವೂ ಅದೇ. ನಾಲ್ಕರಲ್ಲಿ ಒಂದಾದ ಸಿ-ಮಿಕ್ ಕ್ಯಾನ್ಸರ್ ಸಂಶೋಧಕರಿಗೆ ಬಹಳ ಹಿಂದಿನಿಂದ ಪರಿಚಿತವಾದ ಹೆಸರು. 2007ರಲ್ಲಿ ಐಪಿಎಸ್ ಕೋಶಗಳಿಂದ ಪಡೆದ ಇಲಿಗಳ ಮರಿಗಳಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ, ರೆಟ್ರೊವೈರಸ್ ಡಿಎನ್‌ಎಯೊಳಗೆ ಸೇರಿಸಿಟ್ಟಿದ್ದ ಸಿ-ಮಿಕ್ ಮತ್ತೆ ಎಚ್ಚರಗೊಂಡು ಗಂತಿಗಳು ಬೆಳೆದವು. ಅಲ್ಲಿಂದೀಚೆಗೆ ನಡೆದ ಕೆಲಸದ ದೊಡ್ಡ ಪಾಲು, ಡಿಎನ್‌ಎಯಲ್ಲಿ ಏನನ್ನೂ ಬಿಟ್ಟುಹೋಗದಂತೆ ಪ್ರೋಟೀನ್‌ಗಳನ್ನು ತಲುಪಿಸುವುದಕ್ಕೇ ಮೀಸಲಾಯಿತು: ಕೋಶಕೇಂದ್ರವನ್ನು ಪ್ರವೇಶಿಸದ ಸೆಂಡೈ ವೈರಸ್, ಕೆಲವು ವಿಭಜನೆಗಳ ನಂತರ ತಾನಾಗಿ ಕಳೆದುಹೋಗುವ ಡಿಎನ್‌ಎ ಉಂಗುರಗಳು, ಓದಿ ಮುಗಿದ ಮೇಲೆ ನಾಶವಾಗುವ ಆರ್‌ಎನ್‌ಎ. ಬೀಜಿಂಗಿನ ಪೀಕಿಂಗ್ ವಿಶ್ವವಿದ್ಯಾಲಯದ ಡೆಂಗ್ ಹಾಂಗ್‌ಕುಯಿ ತಂಡ ಇನ್ನೂ ಮುಂದೆ ಹೋಗಿ, ವಂಶವಾಹಿಗಳ ಗೊಡವೆಯೇ ಇಲ್ಲದೆ ಸಣ್ಣ ರಾಸಾಯನಿಕ ಅಣುಗಳಿಂದ ಮಾತ್ರ 2013ರಲ್ಲಿ ಇಲಿಯ, 2022ರಲ್ಲಿ ಮನುಷ್ಯನ ಕೋಶಗಳನ್ನು ಹಿಂದಿರುಗಿಸಿತು.

ಹಿಂದಿರುಗುವಾಗ ಕೋಶ ಏನೇನನ್ನು ಕಳಚಿಕೊಳ್ಳುತ್ತದೆ ಎಂಬುದು ನನಗೆ ಇಡೀ ವಿಷಯದ ಅತ್ಯಂತ ಕುತೂಹಲದ ಭಾಗ. ಅದು ವಯಸ್ಸನ್ನು ಕಳಚುತ್ತದೆ. 2011ರಲ್ಲಿ ಫ್ರಾನ್ಸಿನ ಸಂಶೋಧಕರು ನೂರು ವರ್ಷ ದಾಟಿದವರ ಕೋಶಗಳನ್ನೂ ಐಪಿಎಸ್ ಕೋಶಗಳಾಗಿಸಿದರು. ವರ್ಣತಂತುಗಳ ತುದಿಯಲ್ಲಿದ್ದು ವಿಭಜನೆಯಿಂದ ವಿಭಜನೆಗೆ ಸವೆಯುವ ಟೆಲೋಮಿಯರ್‌ಗಳು ಮತ್ತೆ ಉದ್ದವಾಗಿದ್ದವು. ಮೀಥೈಲ್ ಗುರುತುಗಳ ಹರವನ್ನು ನೋಡಿ ಕೋಶದ ವಯಸ್ಸು ಅಂದಾಜಿಸುವ ಲೆಕ್ಕಾಚಾರವೊಂದಿದೆ. ಅದರ ಪ್ರಕಾರ ಐಪಿಎಸ್ ಕೋಶದ ವಯಸ್ಸು ಸೊನ್ನೆಯ ಹತ್ತಿರ. ಆದರೆ ಬರಹದಲ್ಲೇ ಆದ ತಪ್ಪುಗಳನ್ನು ಅದು ಕಳಚುವುದಿಲ್ಲ. ಬಿಸಿಲು, ಹೊಗೆ ಮತ್ತು ಕಾಲ ಡಿಎನ್‌ಎಯಲ್ಲಿ ಮಾಡಿದ ಬದಲಾವಣೆಗಳು ಹಾಗೆಯೇ ಉಳಿಯುತ್ತವೆ. ಇನ್ನು ಹಳೆಯ ಕಸುಬಿನ ನೆನಪೂ ಒಮ್ಮೊಮ್ಮೆ ಪೂರ್ತಿ ಅಳಿಸುವುದಿಲ್ಲ: ರಕ್ತದಿಂದ ಪಡೆದ ಐಪಿಎಸ್ ಕೋಶಗಳು, ವಿಶೇಷವಾಗಿ ಆರಂಭದ ತಲೆಮಾರುಗಳಲ್ಲಿ, ಮತ್ತೆ ರಕ್ತವಾಗುವುದಕ್ಕೇ ಹೆಚ್ಚು ಸುಲಭವಾಗಿ ಒಲಿಯುತ್ತವೆಂದು 2010ರಲ್ಲಿ ಕಂಡುಬಂತು.

ಬರಹ ಹಾಗೆಯೇ ಉಳಿಯುತ್ತದೆಂಬುದೇ ರೋಗಗಳ ಅಧ್ಯಯನಕ್ಕೆ ವರವಾಯಿತು. ಬದುಕಿರುವ ಮನುಷ್ಯನ ಮೆದುಳಿನಿಂದ ನರಕೋಶಗಳನ್ನು ತೆಗೆದು ಪರೀಕ್ಷಿಸುವಂತಿಲ್ಲ. ಆದರೆ ಅವನ ಚರ್ಮ ಅಥವಾ ರಕ್ತದ ಕೋಶಗಳನ್ನು ಹಿಂದಿರುಗಿಸಿ, ಮತ್ತೆ ಮುಂದಕ್ಕೆ ನಡೆಸಿ ನರಕೋಶಗಳಾಗಿಸಿದರೆ, ಅವನದೇ ವಂಶವಾಹಿಗಳನ್ನು ಹೊತ್ತ ನರಕೋಶಗಳು ತಟ್ಟೆಯಲ್ಲಿ ಸಿಗುತ್ತವೆ. 2008ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಸ್ನಾಯುಗಳನ್ನು ನಡೆಸುವ ನರಗಳನ್ನು ನಾಶಮಾಡುವ ಎಎಲ್‌ಎಸ್ ಕಾಯಿಲೆಯಿದ್ದ 82 ವರ್ಷದ ಮಹಿಳೆಯೊಬ್ಬರ ಚರ್ಮದಿಂದ ಅದೇ ಬಗೆಯ ನರಕೋಶಗಳನ್ನು ಬೆಳೆಸಿದರು. ಬೆಂಗಳೂರಿನಲ್ಲೂ ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಕಾಂಡಕೋಶ ಸಂಶೋಧನೆಗೆಂದೇ ಸ್ಥಾಪಿತವಾದ ಇನ್‌ಸ್ಟೆಮ್ ಸಂಸ್ಥೆ ಒಟ್ಟಾಗಿ ಇದೇ ದಾರಿಯಲ್ಲಿ ಕೆಲಸ ಮಾಡುತ್ತಿವೆ. ಒಂದೇ ಕುಟುಂಬದ ಹಲವರಲ್ಲಿ ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆಗಳು ಕಾಣಿಸಿಕೊಂಡ ಮನೆಗಳನ್ನು ಗುರುತಿಸಿ, ಕಾಯಿಲೆಯುಳ್ಳವರ ಮತ್ತು ಇಲ್ಲದ ಅವರ ಬಂಧುಗಳ ಕೋಶಗಳಿಂದ ಐಪಿಎಸ್ ಕೋಶಗಳನ್ನು ತಯಾರಿಸಿ, ಅವುಗಳಿಂದ ಬೆಳೆದ ನರಕೋಶಗಳನ್ನು ಹೋಲಿಸಿ ನೋಡುವುದು ಅಲ್ಲಿನ ಕ್ರಮ. ಮನೆತನದ ಕಳಂಕವೆಂದು ಊರು ಪಿಸುಗುಟ್ಟುತ್ತಿದ್ದ ಕಾಯಿಲೆಯನ್ನು ಕೋಶದ ಮಟ್ಟದಲ್ಲಿ ಕಣ್ಣಿಟ್ಟು ನೋಡುವ ಈ ಕೆಲಸಕ್ಕೆ ನನ್ನ ಮನಸ್ಸಿನಲ್ಲಿ ದೊಡ್ಡ ಗೌರವವಿದೆ.

ಚಿಕಿತ್ಸೆಯ ದಾರಿ ಇದಕ್ಕಿಂತ ನಿಧಾನವಾದದ್ದು. 2014ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಕೋಬೆಯಲ್ಲಿ, ವಯಸ್ಸಿನಿಂದ ಅಕ್ಷಿಪಟಲ ಸವೆದು ದೃಷ್ಟಿ ಕುಂದುತ್ತಿದ್ದ, ಎಪ್ಪತ್ತು ದಾಟಿದ ಮಹಿಳೆಯೊಬ್ಬರ ಕಣ್ಣಿಗೆ, ಅವರದೇ ಚರ್ಮದಿಂದ ಪಡೆದ ಐಪಿಎಸ್ ಕೋಶಗಳಿಂದ ಬೆಳೆಸಿದ ತೆಳುಪದರವನ್ನು ಮಸಾಯೊ ತಕಹಾಶಿ ಅವರ ತಂಡ ಸೇರಿಸಿತು. ವರ್ಷದ ನಂತರವೂ ಪದರ ಹಾಗೆಯೇ ಇತ್ತು, ಗಂತಿ ಬೆಳೆಯಲಿಲ್ಲ. ದೃಷ್ಟಿ ಸುಧಾರಿಸಲೂ ಇಲ್ಲ, ಕೆಡಲೂ ಇಲ್ಲ. ಎರಡನೆಯ ರೋಗಿಯ ಕೋಶಗಳಲ್ಲಿ ಡಿಎನ್‌ಎ ಬದಲಾವಣೆಗಳು ಕಂಡದ್ದರಿಂದ ಅದನ್ನು ಸೇರಿಸದೆ ಕೈಬಿಟ್ಟರು. ಆ ನಿರ್ಧಾರವನ್ನು ನಾನು ಸೋಲೆಂದು ಎಣಿಸುವುದಿಲ್ಲ. ಕ್ಯೋಟೋದಲ್ಲಿ 2018ರಿಂದ ಏಳು ಮಂದಿ ಪಾರ್ಕಿನ್ಸನ್ ರೋಗಿಗಳ ಮೆದುಳಿಗೆ, ದಾನಿಯೊಬ್ಬರ ಐಪಿಎಸ್ ಕೋಶಗಳಿಂದ ಪಡೆದ, ಡೋಪಮೈನ್ ತಯಾರಿಸುವ ನರಕೋಶಗಳಾಗಲಿರುವ ಕೋಶಗಳನ್ನು ಸೇರಿಸಲಾಯಿತು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗಂಭೀರ ಅಡ್ಡಪರಿಣಾಮಗಳು ಕಾಣಲಿಲ್ಲ. ಪರಿಣಾಮವನ್ನು ಅಳೆದ ಆರು ಮಂದಿಯಲ್ಲಿ ಔಷಧಿಯಿಲ್ಲದ ಸ್ಥಿತಿಯಲ್ಲೂ ಚಲನೆ ಸುಧಾರಿಸಿದ್ದು ನಾಲ್ವರಲ್ಲಿ. ಚೀನಾದ ತಿಯಾಂಜಿನ್‌ನಲ್ಲಿ ಟೈಪ್-1 ಮಧುಮೇಹವಿದ್ದ 25 ವರ್ಷದ ಮಹಿಳೆಗೆ, ರಾಸಾಯನಿಕಗಳಿಂದ ಮರುರೂಪಿಸಿದ ಅವರದೇ ಕೋಶಗಳಿಂದ ಇನ್ಸುಲಿನ್ ತಯಾರಿಸುವ ಕೋಶಗುಚ್ಛಗಳನ್ನು ಬೆಳೆಸಿ ಹೊಟ್ಟೆಯ ಸ್ನಾಯುವಿನ ಬಳಿ ಇಟ್ಟರು. 75 ದಿನಗಳ ನಂತರ ಅವರಿಗೆ ಇನ್ಸುಲಿನ್ ಚುಚ್ಚುಮದ್ದು ಬೇಕಾಗಲಿಲ್ಲ ಎಂದು 2024ರ ವರದಿ ಹೇಳುತ್ತದೆ. ಆದರೆ ಅವರು ಯಕೃತ್ತಿನ ಕಸಿಗಾಗಿ ಮೊದಲಿನಿಂದಲೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ತೆಗೆದುಕೊಳ್ಳುತ್ತಿದ್ದರು. ಆ ಔಷಧಿಗಳಿಲ್ಲದೆ ಹೊಸ ಕೋಶಗಳು ಉಳಿಯುತ್ತಿದ್ದವೇ ಎಂಬುದನ್ನು ಈ ಒಂದು ಪ್ರಕರಣದಿಂದ ಹೇಳಲಾಗದು.

ಇಷ್ಟು ಎಚ್ಚರದಿಂದ, ಬೆರಳೆಣಿಕೆಯ ರೋಗಿಗಳ ಮೇಲೆ, ವರ್ಷಗಟ್ಟಲೆ ಕಾದು ಮಾಡುತ್ತಿರುವ ಕೆಲಸವಿದು ಎಂಬುದನ್ನು ನಮ್ಮ ಓದುಗರು ಮರೆಯಬಾರದು. ಆಟಿಸಂನಿಂದ ಹಿಡಿದು ಮಂಡಿನೋವಿನವರೆಗೆ ಎಲ್ಲಕ್ಕೂ ಕಾಂಡಕೋಶ ಚಿಕಿತ್ಸೆಯೆಂದು ಜಾಹೀರಾತು ನೀಡುವವರು ನಮ್ಮಲ್ಲಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತಸಂಬಂಧಿ ಕಾಯಿಲೆಗಳಂಥ ಒಪ್ಪಿತ ಕಾರಣಗಳಿಗೆ ಮಾಡುವ ರಕ್ತಜನಕ ಕಾಂಡಕೋಶಗಳ ಕಸಿಯನ್ನು ಬಿಟ್ಟರೆ, ಬೇರೆ ಯಾವ ಕಾಂಡಕೋಶ ಬಳಕೆಯೂ ಅನುಮತಿ ಪಡೆದ ವೈದ್ಯಕೀಯ ಪ್ರಯೋಗದ ಭಾಗವಾಗಿ ಮಾತ್ರ ನಡೆಯಬೇಕು. ಪ್ರಯೋಗದಲ್ಲಿ ಪಾಲ್ಗೊಳ್ಳುವವರಿಂದ ಹಣ ಕೇಳುವಂತಿಲ್ಲ. ಹಣ ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಕಸುಬು ಮತ್ತು ವಯಸ್ಸು ಎರಡೂ ಒಂದೇ ಪಯಣದಲ್ಲಿ ಕಳಚುತ್ತವೆಂದು ಹೇಳಿದೆನಷ್ಟೇ. ಅವೆರಡನ್ನೂ ಬೇರ್ಪಡಿಸಬಹುದೇ, ಅಂದರೆ ಚರ್ಮ ಚರ್ಮವಾಗಿಯೇ ಉಳಿದು ಅದರ ವಯಸ್ಸು ಮಾತ್ರ ಹಿಂದೆ ಸರಿಯಬಹುದೇ ಎಂಬುದು ಈಗ ಹಲವು ಪ್ರಯೋಗಾಲಯಗಳ ಪ್ರಶ್ನೆ. ಬದುಕಿರುವ ಇಲಿಯ ಮೈಯೊಳಗೆ ನಾಲ್ಕೂ ಪ್ರೋಟೀನ್‌ಗಳನ್ನು ಬಿಡುವಿಲ್ಲದೆ ತಯಾರಾಗಿಸಿದರೆ ಅಂಗಾಂಗಗಳಲ್ಲಿ ಟೆರಟೋಮಗಳು ಬೆಳೆಯುತ್ತವೆಂದು 2013ರಲ್ಲೇ ತಿಳಿದಿತ್ತು. 2016ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಹುವಾನ್ ಕಾರ್ಲೋಸ್ ಇಸ್ಪಿಸುವಾ ಬೆಲ್ಮಾಂಟೆ ತಂಡ, ಅಕಾಲ ಮುಪ್ಪಿನ ಕಾಯಿಲೆಯಿದ್ದ ಇಲಿಗಳಲ್ಲಿ ಅವೇ ಪ್ರೋಟೀನ್‌ಗಳನ್ನು ವಾರದಲ್ಲಿ ಎರಡು ದಿನ ಮಾತ್ರ ತಯಾರಾಗಿಸಿ ಐದು ದಿನ ಬಿಡುವು ಕೊಟ್ಟಿತು. ಗಂತಿಗಳು ಬೆಳೆಯಲಿಲ್ಲ, ಇಲಿಗಳು ಹೆಚ್ಚು ಕಾಲ ಬದುಕಿದವು. 2020ರಲ್ಲಿ ಹಾರ್ವರ್ಡಿನ ಇನ್ನೊಂದು ತಂಡ ಸಿ-ಮಿಕ್ ಬಿಟ್ಟು ಉಳಿದ ಮೂರನ್ನು ಮಾತ್ರ ಇಲಿಯ ಕಣ್ಣಿಗೆ ಸೇರಿಸಿದಾಗ, ಜಜ್ಜಿಹೋಗಿದ್ದ ದೃಷ್ಟಿನರದ ಎಳೆಗಳು ಮತ್ತೆ ಬೆಳೆದವು, ಮುಪ್ಪಿನ ಇಲಿಗಳ ದೃಷ್ಟಿ ಸುಧಾರಿಸಿತು, ಮತ್ತು ಅಕ್ಷಿಪಟಲದ ನರಕೋಶಗಳು ನರಕೋಶಗಳಾಗಿಯೇ ಉಳಿದಿದ್ದವು.